ಬುಲಕ್ ಮನೆಯವರ ಪಾರ್ಸೆಲ್

"ಒಳಗೆ ಬಂದು ಒಂದು ತುಂಡು ರುಚಿ ನೋಡ್ಕೊಂಡು ಹೋಗಿ, ವರ್ಡೆಲಕ್ಕ," ಎಂದು ಥರ್ಮನ್ ಪಾರ್ಸೆಲ್ ಕೊಡುವ ಕಿಟಕಿಯಿಂದ ಕತ್ತು ಹೊರಹಾಕಿ ಕರೆದ.

"ಒಳಗೆ ಎಲ್ಲಿಂದ ಬರೋದಪ್ಪ? ಬಾಗಿಲಿಗೇ ಫ್ರಿಜ್ ಅಡ್ಡ ಇಟ್ಕೊಂಡಿದೀಯ," ವರ್ಡೆಲ್ ಬುಲಕ್ ಕಾರಿನಲ್ಲಿ ಕೂತಲ್ಲಿಂದಲೇ ನಕ್ಕಳು. "ಬೇಗ ಕಟ್ಟಿಕೊಡು. ನಮ್ಮೋರೆಲ್ಲ ಚರ್ಚಿನ ಹಿಂದೆ ಹಸ್ಕೊಂಡು ಕೂತಿದಾರೆ."

ಅವಳು ಹೇಳಿದ್ದು ಸುಳ್ಳೇನಲ್ಲ. ಹಿಂದೆ ಇಸ್ತ್ರಿ ಅಂಗಡಿಯಾಗಿದ್ದ ಆ ಜಾಗದಲ್ಲಿ ಗಿರಾಕಿಗೆ ಒಳಬರುವ ದಾರಿಯೇ ಇರಲಿಲ್ಲ. ಒಂದು ಕಿಟಕಿ, ಅದರ ಮುಂದೆ ಕಾರು ನಿಲ್ಲುವಷ್ಟು ಜಾಗ, ಅಷ್ಟೇ. ಥರ್ಮನ್‌ಗೆ ಅದನ್ನು ಹುಡುಕಿಕೊಟ್ಟವಳು ಅವನ ಸ್ವಂತ ಅಕ್ಕನ ಮಗಳು ಟಮೀಕಾ. ಥರ್ಮನ್‌ನ ಮಂಡಿ ಕೈಕೊಟ್ಟ ಮೇಲೆ, ಗಾಲಿ ಒಲೆಯನ್ನು ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಕೆರೊಲೈನಾದ ಊರೂರು ಅಲೆಯುವುದು ಆಗದ ಮಾತಾಗಿತ್ತು. "ಇನ್ಮೇಲೆ ನೀನು ಜನರ ಹತ್ರ ಹೋಗೋದು ಬೇಡ ಮಾವ, ಜನಾನೇ ನಿನ್ನ ಹತ್ರ ಬರ್ತಾರೆ," ಎಂದಿದ್ದಳು ಟಮೀಕಾ. ಜನ ಬಂದದ್ದೇನೋ ನಿಜ. ಬಂದರು, ಕೈ ಚಾಚಿದರು, ಕವರು ಹಿಡಿದು ಹೊರಟುಹೋದರು. ವ್ಯಾಪಾರ ಚೆನ್ನಾಗಿತ್ತು, ಅದನ್ನು ಇಲ್ಲವೆಂದರೆ ನಾಲಿಗೆ ಸೇದಿಹೋದೀತು.

ಆದರೆ ಇಡೀ ಹಂದಿಯನ್ನು ಕೆಂಡದ ಮೇಲೆ ಬೇಯಿಸುವುದು ಒಬ್ಬನೇ ಮಾಡುವ ಕೆಲಸವೇ? ಬುಲಕ್ ಮನೆಯವರ ವರ್ಷದ ಕೂಟಕ್ಕೆ ಅವನು ಹಿಂದಿನ ಸಂಜೆಯೇ ಹೋಗಿ ಬೆಂಕಿ ಹಾಕುತ್ತಿದ್ದ. ಗಂಡಸರು ಒಬ್ಬೊಬ್ಬರೇ ಕುರ್ಚಿ ಎಳೆದುಕೊಂಡು ಬಂದು ಒಲೆಯ ಸುತ್ತ ಕೂರುತ್ತಿದ್ದರು. ಬೇಯಿಸುವುದು ಹೇಗೆಂದು ಗೊತ್ತಿಲ್ಲದವರೇ ಹೆಚ್ಚು ಸಲಹೆ ಕೊಡುತ್ತಿದ್ದರು. ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ಮೊದಲ ತಟ್ಟೆ ಅಡುಗೆಯವನಿಗೆ. ಅದನ್ನು ವರ್ಡೆಲ್ ತಾನೇ ಬಡಿಸಿ ತರುತ್ತಿದ್ದಳು. ಅವನು ಒಂದು ತುತ್ತು ತಿಂದು ತಲೆಯಾಡಿಸುವವರೆಗೆ ಉಳಿದವರು ಚಮಚ ಮುಟ್ಟುವಂತಿಲ್ಲ. ಹೆಂಡತಿ ಅರ್ಲೀನ್ ಸತ್ತ ಮೇಲೆ ಮನೆಯಲ್ಲಿ ಪಾತ್ರೆ ತೊಳೆಯುವ ಜಾಗದಲ್ಲಿ ನಿಂತೇ ಉಣ್ಣುವ ಥರ್ಮನ್‌ಗೆ, ನಾಲ್ಕು ಜನರ ನಡುವೆ ಕೂತು ಉಣ್ಣುವ ಊಟವೆಂದು ಉಳಿದಿದ್ದದ್ದು ಅದೊಂದೇ. ಇವತ್ತಿನ ಕೂಟದಲ್ಲೂ ಆ ಮೊದಲ ತಟ್ಟೆ ತನ್ನದೇ ಎಂದುಕೊಂಡು, ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ತಂದು ಒಳಗೆ ಮೊಳೆಗೆ ತೂಗುಹಾಕಿದ್ದ.

ಕೊನೆಯ ಪೊಟ್ಟಣವನ್ನು ಬೇಕೆಂದೇ ನಿಧಾನವಾಗಿ ಕಟ್ಟಿದ. ವರ್ಡೆಲ್ ಈಗ ಊಟಕ್ಕೆ ಕರೆಯುತ್ತಾಳೆ, ಈಗ ಕರೆಯುತ್ತಾಳೆ ಎಂದು ಕಾದ.

"ನೀನಿಲ್ದೆ ಈ ಸಲ ಬಿಕೋ ಅನ್ಸತ್ತೆ ಕಣೋ," ಎಂದಳು ಅವಳು. "ಇರ್ಲಿ ಬಿಡು. ಇಷ್ಟು ವರ್ಷ ನಮಗೋಸ್ಕರ ಹೊಗೆ ಕುಡಿದಿದ್ದು ಸಾಕು. ನೆರಳಲ್ಲಿ ಕೂತು ಅಂಗಡಿ ನೋಡ್ಕೋ."

ಕಾರು ಹೋಯಿತು. ಥರ್ಮನ್‌ಗೆ ಆಗ ಹೊಳೆಯಿತು: ಆ ಮನೆಯವರು ಅವನನ್ನು ಯಾವತ್ತೂ ಕರೆದೇ ಇರಲಿಲ್ಲ. ಹಂದಿಯನ್ನು ಕರೆಯುತ್ತಿದ್ದರು, ಅದರ ಜೊತೆ ಅವನೂ ಹೋಗುತ್ತಿದ್ದ.

ಸ್ವಲ್ಪ ಹೊತ್ತು ಹಲಗೆ ಒರೆಸಿದ. ಒರೆಸಿದ್ದನ್ನೇ ಒರೆಸಿದ. ಆಮೇಲೆ ಏಪ್ರನ್ ಬಿಚ್ಚಿ ಮೊಳೆಯ ಮೇಲಿನ ಅಂಗಿ ತೊಟ್ಟುಕೊಂಡ.

"ಎಲ್ಲಿಗೆ ಹೊರಟೆ ಮದುವೆ ಗಂಡಿನ ಥರ?" ಎಂದಳು ಒಳಗೆ ಕವರು ಜೋಡಿಸುತ್ತಿದ್ದ ಟಮೀಕಾ.

"ಚರ್ಚಿನ ಹತ್ರ. ಸುಮ್ನೆ, ಒಂದು ಸುತ್ತು."

ಬರಿಗೈಯಲ್ಲಿ ಹೇಗೆ ಹೋಗುವುದು? ಕಪಾಟಿನಿಂದ ತನ್ನ ವಿನೆಗರ್ ಸಾಸಿನ ದೊಡ್ಡ ಬಾಟಲಿ ತೆಗೆದು, ಬಟ್ಟೆಯಲ್ಲಿ ಒರೆಸಿ, ಟ್ರಕ್ಕಿನಲ್ಲಿ ಪಕ್ಕದ ಸೀಟಿನ ಮೇಲೆ ನಿಲ್ಲಿಸಿಕೊಂಡ.

ಚರ್ಚಿನ ಹಿಂದೆ ಊಟ ಆಗಲೇ ಶುರುವಾಗಿತ್ತು. ಅವನು ಕುಂಟುತ್ತ ಇಳಿದದ್ದನ್ನು ಕಂಡು ವರ್ಡೆಲ್ ತಟ್ಟೆ ಕೆಳಗಿಟ್ಟು ಗಾಬರಿಯಿಂದ ಎದ್ದು ಬಂದಳು.

"ಏನೋ, ಏನಾದ್ರೂ ಬಿಟ್ಟು ಬಂದ್ವಾ?"

ಥರ್ಮನ್ ಬಾಟಲಿ ಚಾಚಿದ. ಬಾಯಿಯಲ್ಲಿ ಮಾತು ಸಿದ್ಧವಾಗಿತ್ತು. ಅಷ್ಟರಲ್ಲಿ ಅವಳೇ ಹಿಂದಕ್ಕೆ ತಿರುಗಿ ಕೂಗಿ ಹೇಳಿದಳು: "ನೋಡ್ರೋ, ಸಾಸ್ ಸಾಲಲ್ಲ ಅಂತ ಇಲ್ಲೀವರೆಗೂ ತಂದ್ಕೊಟ್ಟ. ವ್ಯಾಪಾರ ಅಂದ್ರೆ ಹೀಗಿರ್ಬೇಕು."

ನಾಲ್ಕಾರು ಮೇಜುಗಳಿಂದ ಚಪ್ಪಾಳೆ ಬಿತ್ತು. ಯಾರೋ ಚಮಚ ಎತ್ತಿ ಹಿಡಿದು, "ಹಂದಿ ಅದ್ಭುತವಾಗಿದೆ ಥರ್ಮನಣ್ಣ," ಎಂದ. ಅವನು ನಕ್ಕ. ನಗದೆ ಇನ್ನೇನು ಮಾಡುವುದು?

"ಕಿಟಕಿ ಹತ್ರ ಜನ ಕಾಯ್ತಿರ್ತಾರೆ. ನಿನ್ನ ತಡೆಯಲ್ಲಪ್ಪ," ಎಂದು ವರ್ಡೆಲ್ ಅವನ ತೋಳು ಸವರಿದಳು. ಅವಳ ಪ್ರೀತಿಯಲ್ಲಿ ಕಪಟವಿರಲಿಲ್ಲ. ಅದೇ ಹೆಚ್ಚು ನೋವಾಯಿತು.

"ಹೂಂ, ಕಾಯ್ತಿರ್ತಾರೆ," ಎಂದ ಥರ್ಮನ್.

ಟ್ರಕ್ಕು ಹತ್ತಿ ಕೂತು ಕೀಲಿ ತಿರುಗಿಸಿದ. ಆ ಇಕ್ಕಟ್ಟಿನ ಅಂಗಳದಲ್ಲಿ ಒಲೆಯ ಗಾಡಿಯನ್ನು ತಿರುಗಿಸುವುದೆಂದರೆ ಪ್ರತಿ ವರ್ಷವೂ ಒಂದು ಗಲಾಟೆ. ಗಂಡಸರೆಲ್ಲ ಊಟ ಬಿಟ್ಟು ಎದ್ದುಬಂದು ಎಡಕ್ಕೆ, ಬಲಕ್ಕೆ, ಇನ್ನೂ ಹಿಂದಕ್ಕೆ ಎಂದು ಕೂಗುತ್ತಿದ್ದರು. ಕೊನೆಗೆ ಬೈದಾಡಿಕೊಂಡು ತಳ್ಳುತ್ತಿದ್ದರು. ಈಗ ಹಿಂದೆ ಏನೂ ಇರಲಿಲ್ಲ. ಟ್ರಕ್ಕು ಒಂದೇ ಸಲಕ್ಕೆ ಸಲೀಸಾಗಿ ತಿರುಗಿತು. ಯಾರೂ ಏಳಬೇಕಾಗಲಿಲ್ಲ.