ಪಕ್ಕದ ಬಾಗಿಲ ಮೂರು ಮೆಟ್ಟಿಲು

ಆ ಶನಿವಾರ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಬೀದಿಯ ಈ ಬದಿಯವರಿಗೆ ಆ ಬದಿಯಲ್ಲಿ ಮನೆಗಳಿವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಯಾರೋ ಕೆಮ್ಮಿದ್ದು ಕೇಳುತ್ತಿತ್ತು, ಕೆಮ್ಮಿದವರು ಕಾಣುತ್ತಿರಲಿಲ್ಲ. ಇಂಥ ಬೆಳಗಿನಲ್ಲಿ ಒಬ್ಬರ ಮೇಲೊಬ್ಬರಿಗೆ ಸಂಶಯ ಹುಟ್ಟಲು ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ.

ಬೇಕರಿಯಮ್ಮ ಅಂಗಡಿಯ ಷಟರನ್ನು ಅರ್ಧ ಎತ್ತಿ, ಬಿಸಿ ಬ್ರೆಡ್ಡನ್ನು ಬುಟ್ಟಿಗೆ ತುಂಬುತ್ತಿದ್ದಳು. ಅಂಗಡಿಯ ಹಿಂದೆಯೇ ಮನೆ. ಅಲ್ಲಿ ಕಿಟಕಿಯ ಪಕ್ಕ ನಾದಿನಿ ಗಾಲಿಕುರ್ಚಿಯಲ್ಲಿ ಕುಳಿತು ಕೈಮೆಷಿನ್ನಿನಲ್ಲಿ ನೀಲಿ ಬಟ್ಟೆ ಹೊಲಿಯುತ್ತಿದ್ದಳು. ಎಂಟು ವರ್ಷದ ಹಿಂದೆ ಬಂದ ಒಂದು ಜ್ವರ ಅವಳ ಎರಡೂ ಕಾಲಿನ ಬಲವನ್ನು ತೆಗೆದುಕೊಂಡು ಹೋಗಿತ್ತು. ಕಂಠವನ್ನು ಮಾತ್ರ ದೇವರು ಮುಟ್ಟಿರಲಿಲ್ಲ.

ಮಾರನೆಯ ದಿನ ಊರ ಗಾಯನ. ವರ್ಷಕ್ಕೊಮ್ಮೆ ಊರಿಗೆ ಊರೇ ಸಭಾಭವನದಲ್ಲಿ ಸೇರಿ ಹಾಡುವ ದಿನ ಅದು. ಹಾಡುವವರು ಮುನ್ನೂರು ಜನ, ಕೇಳುವವರು ಎರಡು ಸಾವಿರ. ಕುರ್ಚಿ ಜೋಡಿಸುವವರಿಂದ ಮೈಕ್ ಹಿಡಿಯುವವರವರೆಗೆ ಯಾರೂ ಸಂಬಳದವರಲ್ಲ, ಎಲ್ಲರೂ ಸ್ವಯಂಸೇವಕರು. ಆ ಭವನಕ್ಕೆ ಮುಂದೆ ಹದಿನೆಂಟು ಮೆಟ್ಟಿಲು. ಹತ್ತಲಾಗದವರನ್ನು ಕುರ್ಚಿಯ ಸಮೇತ ಹೆಗಲ ಮೇಲೆ ಹೊತ್ತು ಒಳಗೆ ತರುವುದು ಅಜ್ಜಂದಿರ ಕಾಲದ ಪದ್ಧತಿ. ‘ಹೊರುವ ಸೇವೆ’ ಎಂದು ಅದಕ್ಕೆ ಹೆಸರು. ಹೊರುವವರಿಗೆ ನೀಲಿ ಸೊಂಟಪಟ್ಟಿ, ಮುಂದಿನ ಸಾಲಿನಲ್ಲಿ ಅವರ ಮನೆಯವರಿಗೆ ಜಾಗ. ಮೇಲಿನ ಮೆಟ್ಟಿಲು ಮುಟ್ಟಿದಾಗ ಊರೆಲ್ಲ ಚಪ್ಪಾಳೆ ತಟ್ಟುತ್ತಿತ್ತು. ಆ ತಂಡಕ್ಕೆ ಮುಖಂಡ ಬೇಕರಿಯಮ್ಮನ ಗಂಡನೇ. ಊರಿನವರು ಅವನನ್ನು ಕರೆಯುತ್ತಿದ್ದುದೇ ಹೆಗಲಣ್ಣ ಎಂದು.

ನಾದಿನಿಯನ್ನು ಒಂದೇ ಒಂದು ಸಲ ಹಾಗೆ ಹೊತ್ತಿದ್ದರು. ಹತ್ತನೆಯ ಮೆಟ್ಟಿಲಿನಲ್ಲಿ ಕುರ್ಚಿ ವಾಲಿತು. ಬೀಳದಿರಲು ಅವಳು ಎರಡು ಕೈಯಲ್ಲೂ ಹಿಡಿಗಳನ್ನು ಬಿಗಿಹಿಡಿದಳು. ಉಟ್ಟಬಟ್ಟೆ ಮೊಣಕಾಲಿನ ಮೇಲಕ್ಕೆ ಸರಿಯಿತು. ಸರಿಪಡಿಸಿಕೊಳ್ಳಲು ಬಿಡುವಿನ ಕೈ ಇರಲಿಲ್ಲ. ಉಳಿದ ಎಂಟು ಮೆಟ್ಟಿಲನ್ನೂ ಅವಳು ಹಾಗೆಯೇ, ಎರಡು ಸಾವಿರ ಜನರ ಕಣ್ಣೆದುರು ಏರಿದಳು. ಆಮೇಲೆ ಚಪ್ಪಾಳೆ. ಮುಂದಿನ ವರ್ಷದಿಂದ ಆ ದಿನ ಸರಿಯಾಗಿ ಅವಳಿಗೆ ತಲೆನೋವು ಬರತೊಡಗಿತು. ಸೊಂಟಪಟ್ಟಿಗಳನ್ನು ಮಾತ್ರ ಪ್ರತಿವರ್ಷವೂ ಅವಳೇ ಹೊಲಿದು ಕೊಡುತ್ತಿದ್ದಳು.

ಈ ಸಲ ಅಧ್ಯಕ್ಷರಾದ ಹೆಡ್ಮಾಸ್ಟರು ಹೇಳಿಕಳಿಸಿದ್ದರು: ಮೊದಲ ಪದ್ಯಕ್ಕೆ ಒಂಟಿ ಕಂಠ ಬೇಕು, ಶನಿವಾರ ಸಂಜೆ ಐದಕ್ಕೆ ತಾಲೀಮು, ಬಂದರೆ ಪದ್ಯ ನಿನ್ನದು, ಬಾರದಿದ್ದರೆ ಬೇರೆಯವರದು. ನಾದಿನಿ ರಾತ್ರಿಯಿಡೀ ಯೋಚಿಸಿ ಒಂದೇ ಮಾತು ಹೇಳಿದ್ದಳು. “ಹಲಗೆ ಇದ್ರೆ ಬರ್ತೀನಿ ಅತ್ತಿಗೆ, ಹೆಗಲಾದ್ರೆ ಇಲ್ಲ. ಈ ಸಲವೂ ಆಗಲಿಲ್ಲ ಅಂದ್ರೆ ಇನ್ಮೇಲೆ ನನ್ನನ್ನ ಕರೀಬೇಡಿ.”

ಹಲಗೆಯ ಕಥೆ ಹೀಗೆ. ಭವನದ ಪಕ್ಕದ ಓಣಿಗೆ ಒಂದು ಬಾಗಿಲಿದೆ. ಓಣಿ ಎತ್ತರದಲ್ಲಿರುವುದರಿಂದ ಅದಕ್ಕೆ ಮೂರೇ ಮೆಟ್ಟಿಲು. ಒಂಬತ್ತು ಅಡಿಯ ಎರಡು ಹಲಗೆ ಮಾಡಿ ಬೋಲ್ಟು ಹಾಕಿ ಜೋಡಿಸಿದರೆ ಕುರ್ಚಿ ಸಲೀಸಾಗಿ ಉರುಳಿಕೊಂಡು ಒಳಗೆ ಹೋಗುತ್ತದೆ. ಬಡಗಿ ಎರಡು ವರ್ಷದ ಹಿಂದೆಯೇ ಅದನ್ನು ಮಾಡಿಕೊಟ್ಟಿದ್ದ. ಗಾಯನಕ್ಕೆ ಒಂದು ದಿನ ಮುಂಚೆ ಅದು ಕಾಣೆಯಾಯಿತು. ಕಳೆದ ವರ್ಷ ಇನ್ನೊಂದು ಮಾಡಿದ, ಅದೂ ಹೋಯಿತು. ಈ ವರ್ಷದ್ದು ಮೂರನೆಯದು.

ಮಂಜಿನೊಳಗಿಂದ ಬಡಗಿ ಹೊರಬಂದ. ಕಿವಿಯ ಹಿಂದೆ ಪೆನ್ಸಿಲ್ ಇತ್ತು, ಮುಖದಲ್ಲಿ ರಕ್ತವಿರಲಿಲ್ಲ.

“ತಾಯಿ, ಹಲಗೆ ಹೋಯ್ತು.”

“ಎಲ್ಲಿಗೆ ಹೋಯ್ತು? ಅದಕ್ಕೇನು ಕಾಲಿದೆಯಾ?”

“ಕಾಲಿದ್ದೋರೇ ತಗೊಂಡು ಹೋಗಿದ್ದಾರೆ. ನಿನ್ನೆ ಸಂಜೆ ಬಾಗಿಲ ಒಳಗೆ ನಿಲ್ಲಿಸಿ ಬೀಗ ಹಾಕಿಸಿದ್ದೆ. ಬೋಲ್ಟೂ ಇಲ್ಲ.”

ಬೇಕರಿಯಮ್ಮ ಅವನನ್ನು ದಿಟ್ಟಿಸಿ ನೋಡಿದಳು. ಮೂರು ವರ್ಷವೂ ಮಾಡಿದೆ ಎನ್ನುತ್ತಾನೆ, ಮೂರು ವರ್ಷವೂ ಹೋಯಿತು ಎನ್ನುತ್ತಾನೆ. ಮಾಡಿದ್ದನ್ನು ನೋಡಿದವರು ಯಾರು? ಮರವನ್ನು ಇವನೇ ಮಾರಿಕೊಂಡನೋ? ಹೀಗೆ ಯೋಚಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಯೋಚನೆ ಹೋಗಲಿಲ್ಲ.

ಒಳಗೆ ಮೆಷಿನ್ನಿನ ಸದ್ದು ನಿಂತಿತು. ನಾದಿನಿಗೆ ಕೇಳಿಸಿತ್ತು. ಸ್ವಲ್ಪ ಹೊತ್ತಿನ ಮೇಲೆ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಬ್ರೆಡ್ ಹಂಚುತ್ತ ಬೇಕರಿಯಮ್ಮ ಅಂದು ಮನೆಗಳನ್ನು ಬೇರೆಯದೇ ಕಣ್ಣಿನಿಂದ ನೋಡಿದಳು. ಗಾಯನಕ್ಕೆ ಹೋಗಲಾಗದೆ ಆ ದಿನವೂ ಬ್ರೆಡ್ ಬೇಕು ಎನ್ನುವ ಮನೆಗಳು ಯಾವುವು, ಅಂದು ಕಿಟಕಿಯಲ್ಲಿ ಯಾರ ಮುಖ ಇರುತ್ತದೆ, ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ಮಂಡಿ ಸವೆದ ಟೀಚರು. ಅವಳಿ ಕೂಸುಗಳ ತಾಯಿ. ಕಿವಿ ಕೇಳದ ಗಡಿಯಾರ ರಿಪೇರಿಯವನು, “ಹಾಡಿನ ಮಾತನ್ನ ದೊಡ್ಡದಾಗಿ ಬರೆದು ತೂಗುಹಾಕಿದ್ರೆ ನಾನೂ ಕೂತು ಓದ್ತಿದ್ದೆ” ಎಂದು ಪ್ರತಿವರ್ಷ ನಕ್ಕು ಹೇಳುತ್ತಿದ್ದ. ಎಣಿಸಿದರೆ ಇಪ್ಪತ್ತಮೂರು ಮನೆ.

ಬುಟ್ಟಿ ಬರಿದಾದ ಮೇಲೆ ಅವಳು ಬಡಗಿಯನ್ನು ಕರೆದುಕೊಂಡು ಸೀದಾ ಭವನಕ್ಕೆ ಹೋದಳು. ಹೆಡ್ಮಾಸ್ಟರು ಕುರ್ಚಿಗಳ ಸಾಲನ್ನು ದಾರ ಹಿಡಿದು ಅಳೆಯುತ್ತಿದ್ದರು.

“ಹಲಗೆ ಹೋದ್ರೆ ಹೋಯ್ತಮ್ಮ, ಹೆಗಲು ಇದ್ಯಲ್ಲ” ಎಂದರು ತಲೆಯೆತ್ತದೆ. “ನಿಮ್ಮ ಯಜಮಾನರ ಹೆಗಲೇ ಇದೆ! ದೇವರನ್ನ ಹೊತ್ತ ಹಾಗೆ ಹೊರ್ತಾರೆ. ಇನ್ನೇನು ಬೇಕು?”

“ದೇವರಿಗೆ ಇಳಿಸಿ ಅಂತ ಹೇಳೋ ಬಾಯಿಲ್ಲ ಸಾರ್, ಅವಳಿಗಿದೆ” ಎಂದ ಬಡಗಿ.

“ನೋಡಪ್ಪಾ, ಹೊರುವವರಿಗೆ ಪುಣ್ಯ, ಹೊರಿಸಿಕೊಳ್ಳುವವರಿಗೆ ಸುಖ. ನಮ್ಮಪ್ಪ ಹೊತ್ತಿದ್ದಾರೆ, ನಾನು ಹೊತ್ತಿದ್ದೀನಿ.”

“ಸಾರ್, ನಿಮ್ಮ ಕಾಲದಲ್ಲಿ ವರ್ಷಕ್ಕೆ ಎಷ್ಟು ಜನರನ್ನ ಹೊರ್ತಿದ್ರಿ?” ಬೇಕರಿಯಮ್ಮ ಕೇಳಿದಳು.

“ಇಪ್ಪತ್ತರ ಹತ್ತಿರ ಇರ್ತಿತ್ತು.”

“ಕಳೆದ ವರ್ಷ?”

ಹೆಡ್ಮಾಸ್ಟರು ದಾರ ಸುತ್ತಿದರು. “ನಾಲ್ಕು. ಜನಕ್ಕೆ ಈಗ ಮೊದಲಿನ ಆಸಕ್ತಿ ಇಲ್ಲ.”

“ಇಪ್ಪತ್ತಮೂರು ಮನೇಲಿ ಆಸಕ್ತಿ ಇದೆ ಸಾರ್. ಬ್ರೆಡ್ ಕೊಡೋಕೆ ಹೋದಾಗ ಒಳಗಿಂದ ಗುನುಗೋದು ಕೇಳಿಸುತ್ತೆ. ಹೆಚ್ಚಿನೋರಿಗೆ ಹೊರಿಸಿಕೊಳ್ಳೋಕೆ ಮನಸ್ಸಿಲ್ಲ, ಅಷ್ಟೆ.”

“ನಾವೆಲ್ಲ ಬಿಟ್ಟಿ ದುಡಿಯೋರಮ್ಮ. ಇನ್ನೂ ಎಷ್ಟು ಮಾಡೋಣ?”

“ಹೆಚ್ಚು ಮಾಡಿ ಅಂದ್ವಾ?” ಎಂದ ಬಡಗಿ. “ಆರು ಜನ ಬೆನ್ನು ಮುರ್ಕೊಳ್ಳೋ ಬದಲು ಎರಡು ಹಲಗೆ. ಅದು ಕಮ್ಮಿ ಕೆಲಸ.”

ಹೆಡ್ಮಾಸ್ಟರು ಐದು ಗಂಟೆಗೆ ತಾಲೀಮು ಎಂದು ನೆನಪಿಸಿ ಮುಂದಿನ ಸಾಲಿಗೆ ಹೋದರು. ಇವರೇ ತೆಗೆಸಿದರೇನೋ ಎಂದುಕೊಂಡಳು ಬೇಕರಿಯಮ್ಮ. ಈಗ ಅವಳ ಕಣ್ಣಿಗೆ ಕಂಡವರೆಲ್ಲ ಕಳ್ಳರೇ.

ಪಕ್ಕದ ಬಾಗಿಲಲ್ಲಿ ಬೀಗದ ತಾತ ಚಾಪೆ ಝಾಡಿಸುತ್ತಿದ್ದ. ಭವನದ ಕಾವಲು ಅವನದು. ನೆಲ ಗೀಚುತ್ತದೆ ಎಂದು ಹಲಗೆಯನ್ನು ಮೊದಲ ವರ್ಷದಿಂದಲೂ ಬೈದವನು. ಬೇಕರಿಯಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು.

“ತಾತಾ, ನಿಜ ಹೇಳು. ಹಲಗೆ ಒಲೆಗೆ ಹಾಕಿದ್ಯಾ?”

ತಾತನಿಗೆ ಸಿಟ್ಟು ನೆತ್ತಿಗೇರಿತು. “ನಲವತ್ತು ವರ್ಷದಲ್ಲಿ ಇಲ್ಲಿಂದ ಒಂದು ಮೊಳೆ ಒಯ್ದಿಲ್ಲ ನಾನು! ನನ್ನನ್ನ ಕೇಳ್ತೀಯಲ್ಲ, ಬೆಳಗ್ಗೆ ಬಂದು ನೋಡಿದ್ರೆ ಈ ಚಿಲಕದ ಮೇಲೆ ಬೆಳ್ಳಗೆ ಬೆರಳಿನ ಗುರುತು. ಸುಣ್ಣ ಅಂದ್ಕೊಂಡೆ. ಒದ್ದೆ ಬಟ್ಟೇಲಿ ಒರೆಸಿದ್ರೆ ಅಂಟಂಟಾಯ್ತು. ಸುಣ್ಣ ಅಂಟುತ್ತೇನಮ್ಮ?”

“ಕೀಲಿ ಯಾರ್ಯಾರ ಹತ್ರ ಇದೆ?”

“ನನ್ನ ಹತ್ರ ಒಂದು. ಹೆಡ್ಮಾಸ್ಟರ ಹತ್ರ ಒಂದು. ಇನ್ನೊಂದು…” ತಾತ ಅವಳ ಮುಖ ನೋಡಿದ. ಚಾಪೆಯನ್ನು ಮತ್ತೆ ಝಾಡಿಸಿದ. “ವಯಸ್ಸಾಯ್ತು, ನೆನಪಿಲ್ಲ.”

ಬೇಕರಿಯಮ್ಮ ತನ್ನ ಕೈ ನೋಡಿಕೊಂಡಳು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುವ ಹಿಟ್ಟು. ತನ್ನ ಮನೆಯಲ್ಲಿ ಇಂಥ ಕೈಗಳು ಇನ್ನೆರಡು ಇದ್ದವು.

ಮಂಜು ಕರಗಿತ್ತು. ಮನೆಗೆ ಬಂದವಳು ಯಾರಿಗೂ ಹೇಳದೆ ಹಿಟ್ಟಿನ ಕೋಣೆ ಹೊಕ್ಕಳು. ನೆಲದ ತೇವ ಚೀಲಕ್ಕೆ ಏರದಿರಲಿ ಎಂದು ಗಂಡ ಎರಡು ವರ್ಷದ ಹಿಂದೆ ಅಲ್ಲೊಂದು ಅಟ್ಟಣೆ ಹಾಕಿ ಟಾರ್ಪಾಲು ಹೊದಿಸಿದ್ದ. ಆಮೇಲಿಂದ ಮೇಲಿನ ಚೀಲ ವರ್ಷದಿಂದ ವರ್ಷಕ್ಕೆ ಕೈಗೆ ಎಟುಕದಾಗುತ್ತಿತ್ತು. “ನಾನು ಕುಗ್ತಾ ಇದ್ದೀನಿ ಕಣೇ, ಇನ್ನು ಹತ್ತು ವರ್ಷಕ್ಕೆ ನನ್ನನ್ನ ಡಬ್ಬಿಯಲ್ಲಿಡಬಹುದು” ಎಂದು ನಾದಿನಿಯ ಜೊತೆ ನಕ್ಕಿದ್ದಳು. ಇಂದು ಬೆಳಗ್ಗೆಯೂ ಸ್ಟೂಲು ಹಾಕಿಕೊಂಡೇ ಹಿಟ್ಟು ತೆಗೆದಿದ್ದಳು.

ಮಂಡಿಯೂರಿ ಟಾರ್ಪಾಲಿನ ಅಂಚು ಎತ್ತಿದಳು. ಒಂದರ ಮೇಲೊಂದು ಮೂರು ಪದರ ಹಲಗೆ. ಕೆಳಗಿನದು ಕಂದಿತ್ತು, ನಡುವಿನದು ಸ್ವಲ್ಪ ಕಂದಿತ್ತು, ಮೇಲಿನದರಲ್ಲಿ ಇನ್ನೂ ಹಸಿ ಮರದ ವಾಸನೆ ಇತ್ತು. ಅಂಚಿನಲ್ಲಿ ಬಡಗಿಯ ಪೆನ್ಸಿಲ್ ಗುರುತು. ಅವಳು ಮೂರು ವರ್ಷದ ದಾರಿಯ ಮೇಲೆ ಹಿಟ್ಟು ಪೇರಿಸಿಟ್ಟು, ಅದರಿಂದ ಬ್ರೆಡ್ ಮಾಡಿ, ಹೋಗಲಾಗದ ಇಪ್ಪತ್ತಮೂರು ಮನೆಗಳಿಗೆ ಹಂಚಿ ಬಂದಿದ್ದಳು.

ಬಾಗಿಲಲ್ಲಿ ನೆರಳು ಬಿತ್ತು. ಹೆಗಲಣ್ಣ ನಿಂತಿದ್ದ.

“ಏನೇ ಹುಡುಕ್ತಿದೀಯ?”

“ಹುಡುಕಿದ್ದಾಯ್ತು ರೀ.”

ಅವನು ಚೀಲವೊಂದರ ಮೇಲೆ ಕುಳಿತ.

“ನಾನು ಅವಳಿಗೆ ಕೆಟ್ಟದ್ದು ಬಯಸ್ತೀನಾ? ಅಪ್ಪ ಸಾಯುವಾಗ ನಿನ್ನ ತಂಗೀನ ನೀನೇ ಹೊರಬೇಕು ಅಂದ್ರು.”

“ಹೆಗಲ ಮೇಲೆ ಅಂದ್ರಾ?”

“ವರ್ಷವೆಲ್ಲ ನಾನು ಯಾರೇ? ಬ್ರೆಡ್ ಸೀದಿದೆ ಅಂತ ಬೈಸ್ಕೊಳ್ಳೋನು. ಆ ಒಂದು ದಿನ ಊರು ನನ್ನನ್ನ ನೋಡುತ್ತೆ. ಹಲಗೆ ಬಂದ್ರೆ ನನ್ನನ್ನ ಯಾರು ಕೇಳ್ತಾರೆ?” ಅವನು ಟಾರ್ಪಾಲಿನ ಅಂಚನ್ನು ಮತ್ತೆ ಕೆಳಗೆ ಎಳೆದ. “ಪುಣ್ಯದ ಕೆಲಸ ಅದು.”

“ಅವಳ ಮಾನ ಇಳಿಸಿ ನಿಮ್ಮ ಪುಣ್ಯ ಏರಿಸ್ತೀರಾ? ಅಂಥ ಪುಣ್ಯಾನ ದೇವರು ಮುಟ್ಟಿಸ್ಕೊಳ್ತಾನಾ?” ಅಷ್ಟು ಹೇಳಿದವಳಿಗೆ ಆ ಚಪ್ಪಾಳೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ತಾನೂ ಬೀಗಿದ್ದು ನೆನಪಾಯಿತು. ನಾದಿನಿಯ ತಲೆನೋವು ಸುಳ್ಳೆಂದು ತನಗೆ ಮೊದಲ ವರ್ಷವೇ ತಿಳಿದಿತ್ತು; ಮಾತ್ರೆ ಕೊಟ್ಟು ಹೊರಟುಹೋಗಿದ್ದಳು. “ನಾನೂ ಸಾಚಾ ಅಲ್ಲ ಬಿಡಿ. ಐದು ಗಂಟೆಗೆ ಅವಳನ್ನ ಪಕ್ಕದ ಬಾಗಿಲಿಗೆ ಕರ್ಕೊಂಡು ಹೋಗ್ತೀನಿ. ನಾನಾಗಿ ಅವಳಿಗೆ ಏನೂ ಹೇಳಲ್ಲ. ಹೇಳೋದು ನಿಮ್ಮ ಬಾಯಿ, ತರೋದು ನಿಮ್ಮ ಕೈ.”

ಐದಕ್ಕೆ ಹತ್ತು ನಿಮಿಷವಿರುವಾಗ ನಾದಿನಿಯ ಕುರ್ಚಿ ಮೂರು ಮೆಟ್ಟಿಲ ಬುಡದಲ್ಲಿ ನಿಂತಿತ್ತು. “ಹಲಗೆ ಇಲ್ಲ ಅಂತ ಗೊತ್ತಿದ್ದೂ ಯಾಕೆ ಕರ್ಕೊಂಡು ಬಂದ್ರಿ ಅತ್ತಿಗೆ? ಮತ್ತೇನೋ ಮಸಲತ್ತು ಮಾಡಿದ್ದೀರಾ?” ಎಂದಳು. ಬೇಕರಿಯಮ್ಮ ಓಣಿಯ ತುದಿಯನ್ನೇ ನೋಡುತ್ತಿದ್ದಳು. ಒಳಗೆ ಮುನ್ನೂರು ಜನ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ನೀಲಿಪಟ್ಟಿಯವರು ಐದು ಜನ ಓಡಿಬಂದರು. “ಅಕ್ಕಾ, ಮುಂದಿನ ಮೆಟ್ಟಿಲಿಗೆ ಬನ್ನಿ, ಎರಡೇ ನಿಮಿಷ. ಹೂವಿನ ಹಾಗೆ ಎತ್ಕೊಂಡು ಹೋಗ್ತೀವಿ.”

ಅವಳು ಗಾಲಿಗೆ ಬ್ರೇಕ್ ಹಾಕಿದಳು. “ನಾನು ಹೂವಲ್ಲಪ್ಪಾ, ದರ್ಜಿ. ನಿಮ್ಮ ಪಟ್ಟಿ ನಾನು ಹೊಲಿದೆ, ಚೆನ್ನಾಗಿ ಕೂತಿದೆ. ಆದ್ರೆ ನನ್ನ ಮೈಗೆ ಕೈ ಹಾಕಬೇಡಿ.”

“ಹಟ ಬೇಡ ಮಗಳೇ” ಎಂದರು ಬಾಗಿಲಿಗೆ ಬಂದ ಹೆಡ್ಮಾಸ್ಟರು, ಗಡಿಯಾರ ನೋಡುತ್ತ. “ಪದ್ಯ ಕೈತಪ್ಪುತ್ತೆ.”

“ತಪ್ಪಲಿ ಸಾರ್. ಹಾಡೋಕೆ ಬಂದೆ, ಚಪ್ಪಾಳೆಗೆ ಸಾಮಾನು ಆಗೋಕಲ್ಲ. ಬಾಗಿಲು ತೆಗೆದಿಡಿ, ಇಲ್ಲಿಂದಲೇ ಹಾಡ್ತೀನಿ. ಕೇಳಿಸಿದಷ್ಟು ಕೇಳಿಸಲಿ.”

ಹಾಡಿದಳು. ಓಣಿಯ ಗೋಡೆಗಳ ನಡುವೆ ಆ ದನಿ ಮೊದಲು ನಡುಗಿತು, ಆಮೇಲೆ ನಿಂತಿತು, ತೆರೆದ ಬಾಗಿಲಿನಿಂದ ಒಳಗೆ ಹೋಯಿತು. ಒಳಗಿನ ಗದ್ದಲ ಅಡಗಿತು. ಹೆಡ್ಮಾಸ್ಟರು ಗಡಿಯಾರ ಕಟ್ಟಿದ ಕೈ ಇಳಿಸಿದರು.

ಪದ್ಯದ ನಡುವೆಯೇ ಓಣಿಯ ತುದಿಯಲ್ಲಿ ಬ್ರೆಡ್ಡಿನ ತಳ್ಳುಗಾಡಿ ಗಡಗಡ ಎಂದಿತು. ಹೆಗಲಣ್ಣ ಒಬ್ಬನೇ ತಳ್ಳಿಕೊಂಡು ಬರುತ್ತಿದ್ದ. ಸೊಂಟದಲ್ಲಿ ಪಟ್ಟಿ ಇರಲಿಲ್ಲ. ಗಾಡಿಯ ಮೇಲೆ ಎರಡು ಹಲಗೆ, ಹಲಗೆಯ ತುಂಬ ಹಿಟ್ಟು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೀಗದ ತಾತ ಮಾತ್ರ ಆ ಬಿಳುಪನ್ನು ನೋಡಿ, ಚಿಲಕವನ್ನು ನೋಡಿ, ಬೇರೆಡೆಗೆ ತಿರುಗಿದ. ಬಡಗಿ ಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ಹಲಗೆ ಇಳಿಸಿ ಮೆಟ್ಟಿಲಿಗೆ ಕೂರಿಸಿದರು.

“ಬೋಲ್ಟು?” ಎಂದ ಬಡಗಿ.

ಹೆಗಲಣ್ಣ ಜೇಬಿಗೆ ಕೈ ಹಾಕಿದ. ತಂಗಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅವಳ ಅಂಗೈಯಲ್ಲಿ ಒಂದು ಬೋಲ್ಟು ಇಟ್ಟ, ಇನ್ನೊಂದು ಇಟ್ಟ. ಅವಳು ಕೈ ಮುಚ್ಚಲು ಹೋದಳು. ಅವನು ಮತ್ತೆ ಜೇಬಿಗೆ ಕೈ ಹಾಕಿದ. ಮೂರು, ನಾಲ್ಕು. ನಾದಿನಿ ಅಣ್ಣನ ಮುಖ ನೋಡಿದಳು, ಅವಳಿಗೆ ಅರ್ಥವಾಗುತ್ತಿತ್ತು.

“ಎರಡು ಸಾಕು” ಎಂದ ಬಡಗಿ.

“ಆರೂ ಅವಳವೇ” ಎಂದು ಮೆಲ್ಲಗೆ ಹೇಳಿ, ಹೆಗಲಣ್ಣ ಉಳಿದೆರಡನ್ನೂ ಅವಳ ಅಂಗೈಯಲ್ಲಿ ಇಟ್ಟ.