ದೊಣೆಪೇಟೆಯಲ್ಲಿ ಯಾರೂ ಇಲ್ಲ

ನನಗೆ ಅನುಮಾನ ಜಾಸ್ತಿ ಎಂದು ನಮ್ಮ ಯಜಮಾನರು ಮೂಡಲಗಿರಿಯಪ್ಪ ಕಂಡಕಂಡವರ ಹತ್ತಿರವೆಲ್ಲ ಹೇಳಿಕೊಂಡು ತಿರುಗುತ್ತಾರೆ. ಹೇಳಲಿ ಬಿಡಿ. ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವಳು ನಾನು. ನಗುನಗುತ್ತಾ ಬಂದು, ಚೆನ್ನಾಗಿದೀರಾ ಎಂದು ಕೇಳಿ, ಆಮೇಲೆ ರಿಜಿಸ್ಟರ್ ತೆಗೆಸಿ ಕುತ್ತಿಗೆ ಹಿಡಿದ ಎಷ್ಟು ಜನರನ್ನು ನೋಡಿಲ್ಲ! ಆಷಾಢದ ಒಂದು ಬೆಳಿಗ್ಗೆ ಆ ಹುಡುಗಿ ಸ್ಕೂಟರಿನಿಂದ ಇಳಿದು, "ಎಷ್ಟ್ ಚೆನ್ನಾಗಿದೆ ಅಮ್ಮ ಈ ಜಾಗ!" ಎಂದಾಗಲೇ ನನ್ನ ಬಲಗಣ್ಣು ಅದುರಿತು.

ಕುಣಿಗಲ್ ತಾಲ್ಲೂಕಿನಲ್ಲಿ ಎರಡು ಬೆಟ್ಟಗಳ ನಡುವಿನ ಕಣಿವೆ ನಮ್ಮ ದೊಣೆಪೇಟೆ. ಪೇಟೆ ಎನ್ನುವುದು ಈಗ ಹೆಸರಿಗಷ್ಟೇ. ಪಾಳೇಗಾರರ ಕಾಲದಲ್ಲಿ ಕೋಟೆಯಿತ್ತಂತೆ, ವಾರಕ್ಕೊಂದು ಸಂತೆ ಕೂಡುತ್ತಿತ್ತಂತೆ. ಪ್ಲೇಗು ಬಂದಾಗ ಜನ ಬಿಟ್ಟುಹೋದರು. ಆಗ ಕಂದಾಯದವರು ತಮ್ಮ ಪುಸ್ತಕದಲ್ಲಿ ನಮ್ಮೂರ ಮುಂದೆ ಒಂದು ಪದ ಬರೆದರು: ಬೇಚಿರಾಕ್. ಅಂದರೆ ದೀಪ ಹಚ್ಚುವವರಿಲ್ಲದ ಊರು. ಆಮೇಲೆ ಒಂದೊಂದೇ ಮನೆಯವರು ವಾಪಸ್ಸು ಬಂದು ನೆಲೆ ನಿಂತೆವು, ಹನ್ನೊಂದು ಮನೆಯಾದೆವು, ಆ ಪದ ಮಾತ್ರ ಅಳಿಸಲಿಲ್ಲ. ಅದು ಇರುವತನಕ ನಮ್ಮ ಮನೆಗಳಿಗೆ ಹಕ್ಕುಪತ್ರವಿಲ್ಲ. ರೇಷನ್ ಕಾರ್ಡು, ವೋಟಿನ ಚೀಟಿ ಎಲ್ಲವೂ ಪಕ್ಕದ ಹಳ್ಳಿಯ ಲೆಕ್ಕದಲ್ಲಿ. ಹೋದ ವರ್ಷ ಹನ್ನೊಂದು ಮನೆಯವರೂ ಸಹಿ ಹಾಕಿ, ಆ ಪದ ಹೊಡೆದುಹಾಕಿ ನಮಗೆ ಹಕ್ಕುಪತ್ರ ಕೊಡಿ ಎಂದು ಅರ್ಜಿ ಕೊಟ್ಟಿದ್ದೆವು. ವಿಚಾರಣೆಗೆ ಯಾವಾಗ ಕರೆಯುತ್ತಾರೋ ಎಂದು ಕಾಯುತ್ತಿದ್ದೆವು.

ಅಂಥ ಹೊತ್ತಿನಲ್ಲಿ ಬಂದಳು ಈ ಸಂಹಿತಾ. ತುಮಕೂರಿನ ಸದಾಶಿವನಗರದವಳಂತೆ, ಕಾಲೇಜಿನಲ್ಲಿ ಇತಿಹಾಸದ ಲೆಕ್ಚರರ್ ಅಂತೆ, ಜಿಲ್ಲೆಯ ಬೆಟ್ಟಗಳ ಮೇಲೆ ಪ್ರವಾಸಿಗಳಿಗೆ ಪುಸ್ತಕ ಬರೆಯುತ್ತಾಳಂತೆ. ಎಲ್ಲಾ ಅಂತೆಕಂತೆ. ಬೆಟ್ಟ ಹತ್ತಿದಳು, ಬಂಡೆಯ ಸಂದಿನಲ್ಲಿರುವ ನಮ್ಮ ನೀರಿನ ದೊಣೆಯ ಫೋಟೋ ಹೊಡೆದಳು. ಬೇಸಿಗೆಯಲ್ಲೂ ಬತ್ತಲ್ವಾ ಎಂದು ಎರಡೆರಡು ಸಲ ಕೇಳಿದಳು. ಹೊಂಗೆ ಮರಕ್ಕೆ ಅದೇನೋ ಗಾಜಿನ ಕಡ್ಡಿ ತೂಗುಹಾಕಿ ಗಂಟೆಗೊಮ್ಮೆ ಓದಿ ಬರೆದುಕೊಂಡಳು.

"ಏನಮ್ಮ ಅದು?" ಎಂದೆ.

"ಥರ್ಮಾಮೀಟರ್ ಅಮ್ಮ. ಇಲ್ಲಿ ಎಷ್ಟು ತಂಪಿದೆ ಅಂತ ನೋಡ್ತಿದೀನಿ."

ತಂಪು ಅಳೆಯುತ್ತಾಳಂತೆ! ತಂಪು ಅಳೆದವರು ಆಮೇಲೆ ಏನು ಅಳೆಯುತ್ತಾರೆ ಎಂದು ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಆಚೆ ಬೆಟ್ಟಕ್ಕೂ ಒಬ್ಬ ಹೀಗೇ ಕ್ಯಾಮೆರಾ ಹಿಡಿದು ಬಂದಿದ್ದ. ಆರು ತಿಂಗಳಲ್ಲಿ ರೆಸಾರ್ಟ್ ಎದ್ದಿತು, ದನ ಹೋಗುವ ದಾರಿಗೆ ತಂತಿಬೇಲಿ ಬಿತ್ತು. ಇವಳೂ ಅದೇ ಗುಂಪಿನವಳು, ಸಂಶಯವೇ ಇಲ್ಲ ಎಂದುಕೊಂಡೆ.

"ಪಾಪ ಕಣೇ, ಬಿಸಿಲಲ್ಲಿ ಬಂದವ್ಳೆ. ಒಂದ್ ಲೋಟ ಮಜ್ಜಿಗೆ ಕೊಡು," ಎಂದರು ನಮ್ಮವರು.

"ಮಜ್ಜಿಗೆ ಕೊಡ್ತೀನಿ. ನೀವು ಮಾತ್ರ ಬಾಯಿ ಬುಡಬ್ಯಾಡಿ."

ಅವಳು ಹೋದ ಮೇಲೆ ಮನೆಮನೆಗೂ ಹೋಗಿ ಹೇಳಿಬಂದೆ. ಆ ಹುಡುಗಿ ಬಂದರೆ ಯಾರೂ ಒಂದು ಮಾತೂ ಆಡಕೂಡದು, ಏನಿದ್ದರೂ ನಾನು ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ನಾಲ್ಕಕ್ಷರ ಕಲಿತವಳು ನಾನೇ, ಎಲ್ಲರೂ ಹೂಂ ಎಂದರು. ಪಕ್ಕದ ಮನೆಯ ಭದ್ರಮ್ಮ ಮಾತ್ರ ಗೊಣಗಿದಳು. ಎಪ್ಪತ್ತೆಂಟು ವರ್ಷದ ಮುದುಕಿ, ಹುಟ್ಟಿದ್ದೂ ಇಲ್ಲೇ, ಸೋದರಮಾವನಿಗೇ ಕೊಟ್ಟಿದ್ದರಿಂದ ಬಾಳಿದ್ದೂ ಇಲ್ಲೇ. "ಇದ್ಯಾಕೆ ಲಕ್ಷ್ಮಿ, ಊರಿನ ಕತೆ ಕೇಳ್ದಾಗ ಏಳುದ್ರೆ ಏನಾಯ್ತದೆ?" ಎಂದಳು.

"ನಿನಗೆ ಗೊತ್ತಾಗಲ್ಲ ಸುಮ್ಕಿರು ಭದ್ರಕ್ಕ," ಎಂದು ಗದರಿದೆ.

ಎರಡನೇ ಸಲ ಬಂದಾಗ ನಾನು ತಯಾರಾಗಿದ್ದೆ. ರೆಸಾರ್ಟಿನವರಿಗೆ ಬೇಕಾದ್ದೇನು? ತಣ್ಣನೆ ಗಾಳಿ, ಭಯವಿಲ್ಲದ ಜಾಗ, ಅಡುಗೆ ಮಾಡಲು ಕಸ ಗುಡಿಸಲು ಆಳುಕಾಳು. ಮೂರೂ ಇಲ್ಲ ಅಂದುಬಿಟ್ಟರೆ ಅವರಾಗಿಯೇ ಕಾಲು ಕೀಳುತ್ತಾರೆ. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

"ತಂಪು ಅಂತೀರಲ್ಲ, ಇದು ಆಷಾಢದ ಗಾಳಿ ಅಷ್ಟೆ. ಬೇಸಿಗೇಲಿ ಬನ್ನಿ, ಬಂಡೆ ಕಾದು ರೊಟ್ಟಿ ಸುಡಬಹುದು. ಚಿರತೆ ಬೇರೆ. ಹೋದ ವಾರ ಎರಡು ನಾಯಿ ಎತ್ಕೊಂಡೋಯ್ತು."

ಅವಳು ಕಣ್ಣರಳಿಸಿ ಬರೆದುಕೊಂಡಳು. ನಂಬಿದಳು ಎಂದು ಖುಷಿಯಾಯಿತು.

ಮೂರನೇ ಸಲ ಬಂದಾಗ ಜಗುಲಿಯ ಮೇಲೆ ಕುಳಿತು ಕೇಳಿದಳು, "ಅಮ್ಮ, ಈಗ ಇಲ್ಲಿ ಎಷ್ಟು ಮನೇಲಿ ಜನ ಇದಾರೆ?"

ಬಂದಳಲ್ಲಪ್ಪ ದಾರಿಗೆ! "ಯಾರೂ ಇಲ್ಲ," ಎಂದೆ. "ನಾವೆಲ್ಲ ಪಕ್ಕದ ಹಳ್ಳಿಯೋರು. ಹಗಲು ದನ ಮೇಯಿಸಕ್ಕೆ ಬರ್ತೀವಿ, ಮಧ್ಯಾಹ್ನ ಇಲ್ಲೇ ಒಂದಿಷ್ಟು ಬೇಯಿಸ್ಕೊಂಡು ತಿಂತೀವಿ, ಸಂಜೆ ಹೊಂಟೋಗ್ತೀವಿ."

"ಒಂದು ಮನೆಯವರೂ ಇಲ್ವಾ?"

"ಒಂದು ನರಪಿಳ್ಳೆಯೂ ಇಲ್ಲ."

ಬಾಗಿಲಲ್ಲಿ ನಿಂತಿದ್ದ ನಮ್ಮವರು ಕೆಮ್ಮಿದರು. ನಾನು ಕೆಕ್ಕರಿಸಿ ನೋಡಿದೆ. ಒಳಗೆ ಹೋದರು. ಹುಡುಗಿ ನನ್ನ ಹೆಸರು ಕೇಳಿ ಬರೆದುಕೊಂಡು, ಕೈಮುಗಿದು ಹೋದಳು. ಮತ್ತೆ ಬರಲಿಲ್ಲ. ರೆಸಾರ್ಟೂ ಬರಲಿಲ್ಲ. "ನೋಡಿದ್ರಾ?" ಎಂದು ನಾನು ನಾಲ್ಕು ತಿಂಗಳು ಮೆರೆದೆ.

ಕಾರ್ತಿಕದಲ್ಲಿ ಕುಣಿಗಲ್ಲಿಗೆ ವಿಚಾರಣೆಗೆ ಕರೆ ಬಂತು. ಹನ್ನೊಂದು ಮನೆಯವರೂ ಹೊರಟೆವು. ಭದ್ರಮ್ಮ ಮದುವೆ ಮನೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟಿದ್ದಳು. ಅಧಿಕಾರಿ ಒಳ್ಳೆಯ ಮನುಷ್ಯನಂತೆಯೇ ಕಂಡರು. ಮುದುಕಿಗೆ ಕುರ್ಚಿ ಹಾಕಿಸಿದರು. ಆಮೇಲೆ ಒಂದು ಬಣ್ಣದ ಪುಸ್ತಕ ತೆಗೆದರು. ಮೇಲೆ ನಮ್ಮ ದೊಣೆಯ ಚಿತ್ರ!

"ದಾಖಲೇಲಿ ನಿಮ್ಮೂರು ಬೇಚಿರಾಕ್ ಅಂತಿದೆ. ನಿಮ್ಮ ಕಾರ್ಡೆಲ್ಲ ಪಕ್ಕದ ಹಳ್ಳೀದು. ಇತ್ತೀಚೆಗೆ ಯಾರಾದ್ರೂ ಏನಾದ್ರೂ ಬರ್ದಿದಾರಾ ಅಂತ ಹುಡುಕಿಸ್ದೆ, ಇದು ಸಿಕ್ತು," ಎಂದು ಓದಿದರು. ಕೋಟೆಯ ಇತಿಹಾಸ ಸರಿಯಾಗಿತ್ತು. ಆಷಾಢದಲ್ಲಿ ಮಧ್ಯಾಹ್ನವೂ ಇಪ್ಪತ್ತಮೂರು ಡಿಗ್ರಿ ಎಂದಿತ್ತು. ಅರಣ್ಯ ಇಲಾಖೆಯವರನ್ನು ವಿಚಾರಿಸಿದಾಗ ಚಿರತೆಯ ಕಾಟವಿಲ್ಲ ಎಂದು ತಿಳಿಯಿತು ಎಂದಿತ್ತು. ಅಧಿಕಾರಿ ಹಾಳೆ ತಿರುಗಿಸಿ ಮುಂದೆ ಓದಿದರು.

"'ಇಂದು ಇಲ್ಲಿ ಜನವಸತಿ ಇಲ್ಲ. ದನ ಮೇಯಿಸಲು ಬರುವ ಲಕ್ಷ್ಮೀದೇವಮ್ಮನವರು ಹೇಳುವಂತೆ, ಸಂಜೆಯ ನಂತರ ಒಂದು ನರಪಿಳ್ಳೆಯೂ ಇರುವುದಿಲ್ಲ.' ಈ ಲಕ್ಷ್ಮೀದೇವಮ್ಮ ಯಾರು?"

ನಮ್ಮವರು ನೆಲ ನೋಡುತ್ತಿದ್ದರು.

"ನಾನೇ ಸ್ವಾಮಿ," ಎಂದೆ. "ಅದು ಸುಳ್ಳು. ನಾವೆಲ್ಲ ಅಲ್ಲೇ ಇದೀವಿ."

"ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ ಅಮ್ಮ? ನಾನು ಯಾವುದನ್ನ ನಂಬ್ಲಿ?"

ಅಷ್ಟು ವರ್ಷ ನಾನು ಬೇರೆಯವರನ್ನು ಹೇಗೆ ನೋಡುತ್ತಿದ್ದೆನೋ ಹಾಗೇ ಅವರು ನನ್ನನ್ನು ನೋಡಿದರು. ಸ್ಥಳಕ್ಕೆ ಬಂದು ನೋಡಿ ಸ್ವಾಮಿ ಎಂದು ಅಂಗಲಾಚಿದೆ. ಬರ್ತೀವಿ, ಯಾವಾಗ ಅಂತ ಹೇಳಕ್ಕಾಗಲ್ಲ, ಅಲ್ಲೀತನಕ ಅರ್ಜಿ ಹಾಗೇ ಇರಲಿ ಎಂದರು.

ಪುಸ್ತಕದಲ್ಲಿದ್ದ ಆ ಹುಡುಗಿಯ ನಂಬರು ಬರೆದುಕೊಂಡು, ಹೊರಗೆ ಬಂದು ಫೋನ್ ಮಾಡಿದೆ. ಕೋಪವನ್ನೆಲ್ಲ ಅವಳ ಮೇಲೆ ಕಾರಿದೆ. "ತಂಪು ಅಳೆದು ನೋಡಿದೆ, ಚಿರತೆ ವಿಷ್ಯ ಅರಣ್ಯದೋರನ್ನ ಕೇಳಿ ತಿಳ್ಕೊಂಡೆ. ಇದೊಂದನ್ನ ಯಾಕಮ್ಮ ನಂಬಿದೆ?"

"ನಿಮ್ಮೂರಲ್ಲಿ ನೀವು ಇದೀರೋ ಇಲ್ವೋ ಅನ್ನೋದನ್ನ ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ ಅಮ್ಮ?" ಎಂದಳು. ತಿದ್ದಿ ಪತ್ರ ಬರೆದುಕೊಡುತ್ತೇನೆ, ನಾಳೆಯೇ ಬರುತ್ತೇನೆ ಎಂದಳು. ನನಗೆ ನಾಚಿಕೆಯಾಗಿ ಫೋನ್ ಇಟ್ಟುಬಿಟ್ಟೆ.

ಬಸ್ಸಿನಲ್ಲಿ ಭದ್ರಮ್ಮನ ಪಕ್ಕ ಜಾಗವಿತ್ತು. ಹೋಗಿ ಕುಳಿತೆ. ಬಯ್ಯಲಿ, ಶಾಪ ಹಾಕಲಿ ಎಂದು ಕಾದೆ. ಅವಳು ಸೆರಗಿನ ಜರಿ ಸವರುತ್ತಿದ್ದಳು.

"ಆ ಉಡ್ಗೀನ ನನ್ ಅತ್ರ ಒಂದ್ ಮಾತು ಕೇಳೋಕೆ ಬುಟ್ಟಿದ್ರೆ ಸಾಕಿತ್ತಲ್ಲೇ ಲಕ್ಷ್ಮಿ," ಎಂದಳು. "ಇಲ್ಲೇ ಉಟ್ದೆ ಕಣವ್ವಾ, ಇಲ್ಲೇ ಇವ್ನಿ ಅಂತ ಏಳ್ತಿದ್ದೆ."