ತಟ್ಟೆ ಹಿಡಿದ ಕೈ

"ಅಮ್ಮಾ, ಮುಂದ ಕುಂತೀರಲ್ರೀ, ಈ ತಟ್ಟಿ ಹಿಡ್ಕೊಂಡು ವೇದಿಕಿಗಿ ಬರ್ರಿ," ಎಂದು ಸಾಹಿತ್ಯ ಸಂಘದ ಅಧ್ಯಕ್ಷ ಚಂದ್ರಕಾಂತ್ ಸನ್ಮಾನದ ತಟ್ಟೆಯನ್ನು ರಜಿನಿಯ ಕೈಗಿಟ್ಟು ಹೊರಟ. ತಟ್ಟೆಯಲ್ಲಿ ಶಾಲು, ಮಾಲೆ, ಒಂದು ಸೀರೆ, ವರ್ಷದ ಉತ್ತಮ ಮಕ್ಕಳ ಪುಸ್ತಕಕ್ಕೆ ಕೊಡುವ ಹಿತ್ತಾಳೆಯ ಫಲಕ.

ಆ ಪುಸ್ತಕದ ಚಿತ್ರಗಳನ್ನೆಲ್ಲ ಬರೆದವಳು ರಜಿನಿ. ಪಕ್ಕದಲ್ಲಿದ್ದ ಬಸವೇಶ್ವರಿ ಎದ್ದು ಚಂದ್ರಕಾಂತನನ್ನು ತಡೆದಳು.

"ಚಿತ್ರ ತಗದಾಕಿ ಆಕಿನ ಐದಾಳ್ರಿ."

"ಗೊತ್ತೈತ್ರೀ ಅಮ್ಮಾ. ಆದ್ರ ಇದು ಸಾಹಿತ್ಯದ ಪ್ರಶಸ್ತಿ. ಚಿತ್ರ ಅಂದ್ರ ಅಲಂಕಾರ ಅಷ್ಟ." ಅವನು ನಯವಾಗಿಯೇ ಹೇಳಿದ.

ಅಲಂಕಾರ! ಕಥೆ ಬರೆದ ಶಿವಶಂಕರಪ್ಪ ಮಾಸ್ತರರು ಬಸವೇಶ್ವರಿಯ ಗಂಡ. ಬೇಸಿಗೆಯಿಡೀ ರಜಿನಿ ಗದ್ವಾಲದಿಂದ ಬಸ್ಸು ಹಿಡಿದು ಮಕ್ತಲದ ಅವರ ಮನೆಗೆ ಬರುತ್ತಿದ್ದಳು. ತನ್ನ ಮನೆಯಲ್ಲಿ ಸೀರೆಯಂಚಿಗೆ ವಿನ್ಯಾಸ ಬರೆಯುವ ಕೈ ಅವಳದು. ಪುಸ್ತಕದ್ದು ನೇಕಾರನ ನೂಲು ತಿನ್ನುವ ಆಡಿನಮರಿಯ ಕಥೆ. ಅವಳು ನೋಡಿ ಬರೆಯಲೆಂದು ಬಸವೇಶ್ವರಿ ನೆರೆಮನೆಯ ಮರಿಯನ್ನು ಪಡಸಾಲೆಯ ಕಂಬಕ್ಕೆ ಕಟ್ಟುತ್ತಿದ್ದಳು. ಅದು ಮಾಸ್ತರರ ಲುಂಗಿಯನ್ನೂ ತಿಂದಿತ್ತು. ಕಥೆಯ ಕೊನೆಗೆ ನೇಕಾರ ಮರಿಯನ್ನು ಮಾರಲು ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದ. ರಜಿನಿ ಅದನ್ನು ಅವನ ತೊಡೆಯ ಮೇಲೆ ಮಲಗಿಸಿ ಚಿತ್ರ ಬರೆದಳು. ಮಾಸ್ತರರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಮರುದಿನ ಕೊನೆಯ ಪುಟ ಹರಿದು ಬೇರೆ ಬರೆದರು.

"ದಂಪತಿ ಸಮೇತ ಸನ್ಮಾನ!" ಎಂದು ಮೈಕು ಕೂಗಿತು.

ಮಾಸ್ತರರು ಹೆಂಡತಿಯೊಡನೆ ವೇದಿಕೆಗೆ ಬಂದು, ಕೊರಳು ಬಗ್ಗಿಸಿ ಮಾಲೆ ಹಾಕಿಸಿಕೊಂಡರು. ರಜಿನಿಯ ಸೆರಗು ಜಾರಿತ್ತು, ಎರಡೂ ಕೈಯಲ್ಲಿ ತಟ್ಟೆ. ಬಸವೇಶ್ವರಿ ಸೆರಗನ್ನು ಹೆಗಲಿಗೇರಿಸಿದಳು. ಅಷ್ಟರಲ್ಲಿ ಚಂದ್ರಕಾಂತ್ ಸೀರೆಯನ್ನೆತ್ತಿ ಬಸವೇಶ್ವರಿಯತ್ತ ಚಾಚಿದ.

"ನನಗ್ಯಾಕ್ರಿ ಸೀರಿ?"

"ಮಾಸ್ತರ್ರ ಮನಿಯವ್ರಲ್ರೀ!"

"ನಾ ಮಾಡಿದ್ದು ಚಾ. ಅದೂ ಸಕ್ರಿ ಹೆಚ್ಚಾತಂತ ಇವ್ರು ಬೈದಾರ."

ಸಭೆ ನಕ್ಕಿತು. ಬಸವೇಶ್ವರಿ ನಗಲಿಲ್ಲ.

"ನಗಬ್ಯಾಡ್ರಿ. ಪುಸ್ತಕ ಮಾಡಿದಾಕಿ ಕೈಯಾಗ ತಟ್ಟಿ, ಚಾ ಮಾಡಿದಾಕಿಗಿ ಸೀರಿ. ನಾಚಿಕಿ ಬರಂಗಿಲ್ಲೇನ್ರಿ ನಿಮಗ?"

"ವದ್ದಕ್ಕಾ," ರಜಿನಿ ಮೊದಲು ತೆಲುಗಿನಲ್ಲೇ ಪಿಸುಗುಟ್ಟಿದಳು. "ಬ್ಯಾಡಕ್ಕಾ, ಬಿಡ್ರಿ."

"ನೀ ಸುಮ್ಕಿರವ್ವ." ಬಸವೇಶ್ವರಿ ಗಂಡನತ್ತ ತಿರುಗಿದಳು. "ಏನ್ರೀ, ನೀವರ ಬಾಯಿ ಬಿಡ್ರಿ. ಕೊನಿ ಪುಟ ಯಾರದಂತ ಹೇಳ್ರಿ."

ಮಾಸ್ತರರು ಫಲಕವನ್ನು ನೋಡಿದರು. ಅದರಲ್ಲಿ ಅವರ ಹೆಸರೊಂದೇ ಇತ್ತು. ಮೈಕಿಗೆ ಬಾಯಿಟ್ಟು, "ಈ ಕೃತಿ ಹಲವರ ಸಹಕಾರದಿಂದ ಮೂಡಿಬಂದಿದೆ. ಎಲ್ಲರಿಗೂ ವಂದನೆಗಳು," ಎಂದರು. ಚಪ್ಪಾಳೆ ಬಿತ್ತು.

ಮದುವೆಯಾದಾಗಿನಿಂದ ಆ ಬಾಯಲ್ಲಿ ಎಷ್ಟೋ ಒಳ್ಳೆಯ ಮಾತು ಕೇಳಿದ್ದ ಬಸವೇಶ್ವರಿ ಗಂಡನನ್ನು ಹೊಸಬರನ್ನು ನೋಡುವಂತೆ ನೋಡಿದಳು.

"ತಟ್ಟಿ ಹಿಡ್ದ ಅಮ್ಮಾರು ಸ್ವಲ್ಪ ಪಕ್ಕಕ್ಕ ಸರೀರಿ," ಎಂದ ಫೋಟೋದವನು.

ಬಸವೇಶ್ವರಿ ರಜಿನಿಯ ಕೈಯಿಂದ ತಟ್ಟೆ ಕಸಿದು ಮೇಜಿನ ಮೇಲೆ ಕುಕ್ಕಿದಳು. ಸೀರೆಯನ್ನು ಅವಳ ಹೆಗಲಿಗೆ ಹೊದಿಸಿ, ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಹಿಂಗ ತಗಿ. ಆಕಿನ್ನ ಬಿಟ್ಟು ತಗದ್ರ ನೋಡು ಮತ್ತ."

ಮರುದಿನ ಮಕ್ತಲಕ್ಕೆ ಪತ್ರಿಕೆ ಬಂತು. ಒಳಗಿನಿಂದ ಮಾಸ್ತರರು, "ಚಾ ಆತೇನ?" ಎಂದು ಕೇಳಿದರು. ಮತ್ತೊಮ್ಮೆ ಕೇಳಿದರು. ಬಸವೇಶ್ವರಿ ಕಟ್ಟೆಯಿಂದ ಏಳಲಿಲ್ಲ.

ಪತ್ರಿಕೆಯ ಫೋಟೋದಲ್ಲಿ ನಗುತ್ತಿರುವ ಚಂದ್ರಕಾಂತ್, ಮಾಲೆಯ ಮಾಸ್ತರರು, ಪಕ್ಕದಲ್ಲಿ ಅವಳು. ಅವಳ ತೋಳು ಫೋಟೋದ ಅಂಚಿನವರೆಗೆ ಚಾಚಿತ್ತು. ಅಲ್ಲಿಗೆ ಸರಿಯಾಗಿ ಕತ್ತರಿಸಿದ್ದರು. ಅವಳ ಮುಷ್ಟಿಯೊಳಗೆ, ಮಣಿಕಟ್ಟಿನವರೆಗೆ ಮಾತ್ರ, ಇನ್ನೊಬ್ಬಳ ಕೈ ಉಳಿದಿತ್ತು. ಹೆಬ್ಬೆರಳ ಉಗುರಿನ ಸಂದಿನಲ್ಲಿ ತೊಳೆದರೂ ಹೋಗದ ಕೆಂಪು ಬಣ್ಣ.